ಹುಮನಾಬಾದಿಗೊಬ್ಬ ಪೈಲಟ್

ಆಕಾಶದಲ್ಲಿ ಇದ್ದಷ್ಟು ಹೊತ್ತು ನನ್ನ ನೌಕರಿ ಬಹಳ ಗಂಭೀರವಾದದ್ದು. ಫಜೀತಿಗಳು ಶುರುವಾಗುತ್ತಿದ್ದದ್ದು ನೆಲಕ್ಕೆ ಇಳಿದ ಮೇಲೆ, ಅದರಲ್ಲೂ ನಮ್ಮೂರಿನ ನೆಲಕ್ಕೆ ಕಾಲಿಟ್ಟ ಮೇಲೆ. ಎಂಬತ್ತರ ದಶಕದಲ್ಲಿ ಹೈದರಾಬಾದಿನ ಒಂದು ಸಣ್ಣ ವಿಮಾನ ಕಂಪನಿಯಲ್ಲಿ ನಾನು ಪೈಲಟ್ ಆಗಿದ್ದೆ. ದೊಡ್ಡ ಊರಿಂದ ಸಣ್ಣ ಊರಿಗೆ, ಸಣ್ಣ ಊರಿಂದ ಇನ್ನೂ ಸಣ್ಣ ಊರಿಗೆ ಹೋಗುವ, ಇಪ್ಪತ್ತು ಸೀಟೂ ಇಲ್ಲದ ವಿಮಾನ. ನಮ್ಮಪ್ಪನದು ಹುಮನಾಬಾದಿನ ಬಜಾರಿನಲ್ಲಿ ಅರಿವೆ ಅಂಗಡಿ. ಲಾರಿ, ಬಸ್ಸು, ಎತ್ತಿನ ಬಂಡಿ ಇವನ್ನು ಚೆನ್ನಾಗಿ ಬಲ್ಲ ಊರಿಗೆ ನನ್ನ ಕೆಲಸವನ್ನು ತಿಳಿಸಿ ಹೇಳಲು ಹೋದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತಿತ್ತು.

೧. ಏಣಿಯ ಮೇಲಿನ ಪೈಲಟ್

ಲೈಸೆನ್ಸ್ ಕೈಗೆ ಬಂತು, ನೌಕರಿ ಬರಲಿಲ್ಲ. ದೇಶದಲ್ಲಿ ವಿಮಾನಗಳು ಕಮ್ಮಿ, ಪೈಲಟ್ಟರು ಜಾಸ್ತಿ ಎಂಬ ಸುದ್ದಿಯನ್ನು ಕಲಿಸುವ ಗುರುಗಳು ಕಲಿಸಿ ಮುಗಿಸುವ ತನಕ ನಮಗೆ ಹೇಳಿರಲಿಲ್ಲ. ಅರ್ಜಿ ಹಾಕುತ್ತ, ಉತ್ತರಕ್ಕೆ ಕಾಯುತ್ತ ಅಪ್ಪನ ಅಂಗಡಿಯಲ್ಲಿ ಕೂತೆ. ಏಣಿ ಹತ್ತಿ ಮೇಲಿನ ಹಲಗೆಯಿಂದ ಬಟ್ಟೆಯ ಥಾನುಗಳನ್ನು ಇಳಿಸುವುದು ನನ್ನ ಕೆಲಸ.

ಒಂದು ದಿನ ನಿರ್ಣಾ ಎಂಬ ಹಳ್ಳಿಯ ರೈತನೊಬ್ಬ ಮಗಳ ಮದುವೆ ಬಟ್ಟೆಗೆ ಬಂದ. ನನ್ನನ್ನು ನೋಡಿ ಅಪ್ಪನನ್ನು ಕೇಳಿದ, “ಹುಡುಗ ಏನ್ ಓದ್ಯಾನ್ರಿ?”

“ಪೈಲಟ್ ಆಗ್ಯಾನ. ವಿಮಾನ ಹಾರಸ್ತಾನ.”

ರೈತ ಏಣಿಯ ತುದಿಯಲ್ಲಿದ್ದ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. “ಮತ್ತ ವಿಮಾನ ಎಲ್ಲದರಿ?”

“ವಿಮಾನ ಇನ್ನಾ ಸಿಕ್ಕಿಲ್ಲ.”

“ಹೊಸಾದು ಭಾಳ ತುಟ್ಟಿ ಇರಬೇಕ್ರಿ,” ಎಂದು ಅವನು ಮನಸ್ಸಿನಿಂದ ಮರುಗಿದ. “ನಾ ಟ್ರ್ಯಾಕ್ಟರ್ ಹಳೇದ ತಗೊಂಡೀನಿ ನೋಡ್ರಿ, ಛಂದ ನಡ್ಯಾಕತ್ತದ. ನೀವೂ ಹಂಗ ಒಂದು ಹಳೇದು ನೋಡಿ ಕೊಡಸ್ರಿ.”

ಅಪ್ಪ ಗಜಕಡ್ಡಿ ಆಡಿಸುತ್ತ, ಸ್ವಲ್ಪವೂ ವಿಚಲಿತನಾಗದೆ ಹೇಳಿದ, “ನೋಡೂಣಂತ. ಅಲ್ಲೀತನಕ ಮ್ಯಾಲ ಇರೂದು ರೂಢಿ ತಪ್ಪಬಾರದಂತ ಏಣಿ ಹತ್ತಿಸೀನಿ.”

೨. ಹಮಾಲ

ಕೊನೆಗೂ ಹೈದರಾಬಾದಿನಿಂದ ಕರೆ ಬಂತು. ಹುದ್ದೆ ಕೋ-ಪೈಲಟ್. ಹೆಗಲ ಮೇಲೆ ಪಟ್ಟಿ, ತಲೆಗೆ ಟೋಪಿ, ಕೊರಳಿಗೆ ಟೈ. ಆದರೆ ಸಣ್ಣ ಊರಿನ ನಿಲ್ದಾಣಗಳಲ್ಲಿ ನಮ್ಮ ಕಂಪನಿಗೆ ಇದ್ದದ್ದು ಒಬ್ಬನೇ ನೌಕರ. ಟಿಕೆಟ್ ನೋಡುವವನೂ ಅವನೇ, ರನ್‌ವೇ ಮೇಲಿನ ಎಮ್ಮೆ ಓಡಿಸುವವನೂ ಅವನೇ. ಎಮ್ಮೆಗಳು ಬಂದ ದಿನ ಸಾಮಾನು ಏರಿಸುವ ಕೆಲಸ ಕೋ-ಪೈಲಟ್ಟಿಗೆ. ಎಮ್ಮೆಗಳು ದಿನವೂ ಬರುತ್ತಿದ್ದವು.

ಅಂಥದೊಂದು ನಿಲ್ದಾಣದಲ್ಲಿ ನಾನು ಟೋಪಿ ತೆಗೆದಿಟ್ಟು, ಟೈ ಕಿಸೆಗೆ ತುರುಕಿ, ಬೆವರು ಸುರಿಸುತ್ತ ಚೀಲಗಳನ್ನು ಏರಿಸುತ್ತಿದ್ದೆ. ಒಬ್ಬ ದಪ್ಪ ಮೀಸೆಯ ಯಜಮಾನ ನನ್ನ ಭುಜ ತಟ್ಟಿದ. “ಏ ಹಮಾಲ, ಮೆಲ್ಲಕ ಇಡಪಾ. ಉಪ್ಪಿನಕಾಯಿ ಬರಣಿ ಅದ.” ನೋಡಿದರೆ ನಮ್ಮೂರ ಹತ್ತಿರದ ಹುಡಗಿ ಎಂಬ ಹಳ್ಳಿಯ ತೊಗರಿ ವ್ಯಾಪಾರಿ, ನಮ್ಮ ಅಂಗಡಿಯ ಖಾಯಂ ಗಿರಾಕಿ. ನನ್ನನ್ನು ಏಣಿಯ ತುದಿಯಲ್ಲಷ್ಟೇ ನೋಡಿದವನಿಗೆ ಈಗ ಗುರುತು ಹತ್ತಲಿಲ್ಲ. ಗುರುತು ಹೇಳಿಕೊಳ್ಳುವ ಹೊತ್ತೂ ಅದಲ್ಲ ಎನ್ನಿಸಿ “ಹೂಂ ರೀ” ಎಂದು ಬರಣಿಯನ್ನು ಮಗುವಿನಂತೆ ಮಲಗಿಸಿದೆ.

ಆಮೇಲೆ ಕೈ ಝಾಡಿಸಿಕೊಂಡು ಒಳಗೆ ಹೋಗಿ ನನ್ನ ಸೀಟಿನಲ್ಲಿ ಕೂತೆ. ನಮ್ಮ ವಿಮಾನದಲ್ಲಿ ಪೈಲಟ್ಟರಿಗೂ ಪ್ರಯಾಣಿಕರಿಗೂ ನಡುವೆ ಬಾಗಿಲು ಇರಲಿಲ್ಲ. ಯಜಮಾನ ಎದ್ದು ನಿಂತು ಕೂಗಿದ, “ಏ ಏ! ಹಮಾಲ ಹೋಗಿ ಮುಂದ ಕುಂತಾನ! ಯಾರರ ಇಳಸ್ರಿ ಅವನ್ನ!”

ಕ್ಯಾಪ್ಟನ್ ಹಿಂದೆ ತಿರುಗಿಯೂ ನೋಡದೆ, “ಇರ್ಲಿ ಬಿಡ್ರಿ ಸೇಠ್, ದಿನಾ ಹಂಗ ಕುಂದ್ರತಾನ” ಎಂದರು. ಅವತ್ತಿನ ಕ್ಯಾಪ್ಟನ್ ಉದಾರಿ. ಮೇಲೆ ಏರಿದ ಕೂಡಲೇ ವಿಮಾನ ನನ್ನ ಕೈಗೆ ಕೊಟ್ಟು ತಾವು ಡಬ್ಬಿ ಬಿಚ್ಚಿ ಇಡ್ಲಿ ತಿಂದರು. ಇಳಿಯುವ ತನಕ ಯಜಮಾನ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಹೇಳಿದ. ಆ ಯಜಮಾನ ಅಂಗಡಿಗೆ ಬಂದು ಭಾಳ ಕನಿಕರದಿಂದ ಮಾತಾಡಿದ್ದನಂತೆ. “ಸಾವಕಾರ್ರ, ನಾ ಕಣ್ಣಾರೆ ನೋಡೀನಿ. ಅಲ್ಲಿ ಹಮಾಲನೂ ವಿಮಾನ ಹೊಡೀತಾನ. ನಿಮ್ಮ ಹುಡುಗಗ ಅಷ್ಟ ಓದಿಸಿದ್ದು ಸುಮ್ನ ದಂಡ ಆತು.”

೩. ಗಾಡಿ ಕೆಟ್ಟರೆ?

ಬಸವಕಲ್ಯಾಣದಲ್ಲಿ ನನಗೆ ಹೆಣ್ಣು ನೋಡಿದರು. ಹುಡುಗಿಯ ತಂದೆ ಲಾರಿಗಳ ಮಾಲೀಕರು. ಅವರ ಲಾರಿಗಳು ಮುಂಬೈಯಿಂದ ಮದ್ರಾಸಿನ ತನಕ ಓಡುತ್ತಿದ್ದವು. ಲಾರಿ ಮೇಲೆಯೇ ಬದುಕು ಕಟ್ಟಿದ ಮನುಷ್ಯ, ಹೀಗಾಗಿ ನಮ್ಮ ಮಾತೆಲ್ಲ ಆ ಹಾದಿಯಲ್ಲೇ ಹೋಯಿತು. ಉಪ್ಪಿಟ್ಟಿನ ತಾಟು ನನ್ನ ಮುಂದೆ ಸರಿಸಿ ಅವರು ಶುರು ಮಾಡಿದರು.

“ಡ್ಯೂಟಿ ಹಗಲಾಗೋ, ರಾತ್ರಿಯಾಗೋ?”

“ಹಗಲಾಗರಿ. ಸಣ್ಣ ಊರಾಗ ರನ್‌ವೇಕ ಲೈಟ್ ಇರಂಗಿಲ್ಲ.”

“ಯಾಕ, ಗಾಡಿಗಿ ಹೆಡ್‌ಲೈಟ್ ಇಲ್ಲೇನು?”

“ಅದ ರೀ, ಖರೆ ಅದು ಸಾಲಂಗಿಲ್ಲ.”

ಅವರು ತಲೆಯಾಡಿಸಿದರು. ಮೊದಲ ಪ್ರಶ್ನೆಗೇ ಮಾರ್ಕು ಹೋಯಿತೆಂದು ನನಗೆ ಗೊತ್ತಾಯಿತು. ಪಕ್ಕದಲ್ಲಿದ್ದ ಅಪ್ಪ ಕೆಮ್ಮಿದ.

“ಹಾದ್ಯಾಗ ಊಟಕ್ಕ ಎಲ್ಲಿ ನಿಂದ್ರಸ್ತೀರಿ?”

“ನಿಂದ್ರಸಾಕ ಬರಂಗಿಲ್ರಿ.”

“ಹೋಗ್ಲಿ. ಗಾಡಿ ಕೆಟ್ಟರ?”

“ಹಂಗ ಸುಮ್ನ ಕೆಡಂಗಿಲ್ರಿ. ದಿನಾ ಇಂಜಿನಿಯರ್ ನೋಡ್ತಾರ.”

“ಕೆಡಲಾರದ ಗಾಡಿ ನಾ ಇನ್ನಾ ನೋಡಿಲ್ಲ,” ಎಂದು ಅವರು ಮೊಳಕಾಲ ಮೇಲೆ ಕೈ ಊರಿ ಮುಂದೆ ಬಾಗಿದರು. “ಕೆಡ್ತದಂತ ತಿಳ್ಕೋರಿ. ಹಾದಿ ಬಾಜೂಕ ಹಚ್ಚಿ ಇಳೀಲಾಕ ಬರ್ತದೋ ಇಲ್ಲೋ?”

ನಾನು ಸತ್ಯವನ್ನೇ ಹೇಳಿದೆ. “ಇಲ್ರಿ.”

ಅವರು ಹಿಂದಕ್ಕೆ ಒರಗಿ ಅಪ್ಪನಿಗೆ ಕೈ ಮುಗಿದರು. “ಹುಡುಗ ಛೊಲೋ ಅದಾನ್ರಿ, ಒಲ್ಲೆ ಅನ್ನಂಗಿಲ್ಲ. ಖರೆ ಬಾಜೂಕ ನಿಂದ್ರಸಾಕ ಬರಲಾರದ ಗಾಡಿ ನಂಬಿ ಹೆಣ್ಣ ಹ್ಯಾಂಗ ಕೊಡ್ಲಿ?”

ನಾನು ಎದ್ದೇಳಬೇಕೋ ಬೇಡವೋ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಒಳಮನೆಯ ಪರದೆಯ ಹಿಂದಿನಿಂದ ಹುಡುಗಿಯ ದನಿ ಬಂತು. ಅವತ್ತು ಅವಳು ಆಡಿದ್ದು ಅದೊಂದೇ ಮಾತು. “ಅಪ್ಪಾ, ನಿಮ್ಮ ಡ್ರೈವರಗೋಳು ಬಾಜೂಕ ನಿಂದ್ರಿಸಿ ನಿಂದ್ರಿಸಿ ತಿಂಗಳಗಟ್ಲೆ ಮನಿಗಿ ಬರಂಗಿಲ್ಲ. ಇವರಿಗಿ ನಿಂದ್ರಸಾಕ ಬರಂಗಿಲ್ಲ, ಕತ್ತಲಾಗ ಹೊಡ್ಯಾಕ ಬರಂಗಿಲ್ಲ. ಸಂಜಿಗಿ ಮನಿಗಿ ಬರದ ಎಲ್ಲಿ ಹೋಗ್ತಾರ?”

ಮದುವೆ ಗಟ್ಟಿಯಾಯಿತು. ಮದುವೆಯಾದ ಮೇಲೆ ಮೊದಲನೇ ಮಳೆಗಾಲದಲ್ಲಿ ಮೋಡ, ಮಂಜು, ಸಿಗದ ಬಿಡಿಭಾಗ ಅಂತ ನಾನು ಯಾವ ಯಾವುದೋ ಊರಿನ ಪ್ರವಾಸಿ ಮಂದಿರಗಳಲ್ಲಿ ಸಿಕ್ಕಿಬಿದ್ದು ವಾರಗಟ್ಟಲೆ ಮನೆ ಕಾಣಲಿಲ್ಲ. ಕೊನೆಗೊಮ್ಮೆ ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು, “ಬಾಜೂಕ ಹಚ್ಚಾಕ ಬರಂಗಿಲ್ಲ ಅಂತ ಸುಳ್ಳ ಯಾಕ ಹೇಳಿದ್ರಿ?”

೪. ನಾಲ್ಕು ಹೋಳಿಗೆ

ಪೈಲಟ್ಟರಿಗೆ ಆಗಾಗ ವೈದ್ಯರ ತಪಾಸಣೆ ಇರುತ್ತದೆ. ಅದರಲ್ಲಿ ಫೇಲಾದವನು ನೆಲದ ಮೇಲೆಯೇ ಇರಬೇಕು. ಒಮ್ಮೆ ವೈದ್ಯರು ನನ್ನ ಹೊಟ್ಟೆ ನೋಡಿ, ತೂಕ ಇಳಿಸದಿದ್ದರೆ ಮುಂದಿನ ಸಲ ಪಾಸು ಮಾಡುವುದಿಲ್ಲ ಎಂದು ಹೆದರಿಸಿ ಕಳಿಸಿದರು. ಊರಿಗೆ ಹೋದೆ. ಅವ್ವ ಎಂದಿನಂತೆ ತುಪ್ಪದಲ್ಲಿ ಮುಳುಗಿದ ನಾಲ್ಕು ಹೋಳಿಗೆ ಬಡಿಸಿದಳು. ಎರಡು ಕೈಯನ್ನೂ ತಾಟಿಗೆ ಅಡ್ಡ ಹಿಡಿದು ವಿಷಯ ಹೇಳಿದೆ.

ಅವ್ವ ತುಪ್ಪದ ಗಿಂಡಿ ಕೆಳಗಿಟ್ಟು ಕೇಳಿದಳು. “ಆ ವಿಮಾನ ಒಮ್ಮೆಗೆ ಎಷ್ಟ ಮಂದಿನ್ನ ಹೊತ್ತೊಂಡ ಹೋಗ್ತದ?”

“ಹತ್ತಿಪ್ಪತ್ತ ಮಂದಿನ್ನ, ಅವರ ಸಾಮಾನ ಸುದ್ದಾ.”

“ಅಷ್ಟೆಲ್ಲಾ ಹೊರೂದಕ್ಕ ನನ್ನ ನಾಕ ಹೋಳಗಿ ಭಾರ ಆದ್ವೇನು?” ಎಂದು ನನ್ನ ಕೈ ಸರಿಸಿ ಐದನೆಯದನ್ನು ಹಾಕಿದಳು.

೫. ಕ್ಯಾಪ್ಟನ್ನರ ಗುಣಗಾನ

ಕೋ-ಪೈಲಟ್ ಬಡ್ತಿ ಪಡೆದು ಕ್ಯಾಪ್ಟನ್ ಆಗಬೇಕಾದರೆ ಹಾರಾಟ, ಪರೀಕ್ಷೆ ಎಲ್ಲ ಬೇಕು ಎಂದು ಪುಸ್ತಕದಲ್ಲಿ ಬರೆದಿದೆ. ನಿಜವಾಗಿ ಬೇಕಾದದ್ದು ಒಂದೇ, ಮೇಲಿನವನೊಬ್ಬ ಜಾಗ ಬಿಡಬೇಕು. ನಮ್ಮ ಮೇಲೆ ಒಬ್ಬ ಹಿರಿಯ ಕ್ಯಾಪ್ಟನ್ ಇದ್ದರು. ಹೈದರಾಬಾದಿನವರು. ನಾನು ಯಾವ ಗುಂಡಿಗೆ ಕೈ ಚಾಚಿದರೂ “ನಕೋ ಮಿಯಾ, ನಕೋ!” ಎಂದು ತಡೆದು ಕೈಗೆ ಚಹಾದ ಥರ್ಮಾಸ್ ಕೊಡುತ್ತಿದ್ದರು. ಅವರ ಜೊತೆ ಹಾರಿದಷ್ಟು ದಿನ ನಾನು ಕಲಿತದ್ದು ಗಾಳಿಯ ಹೊಡೆತದಲ್ಲೂ ತುಳುಕದಂತೆ ಚಹಾ ಬಗ್ಗಿಸುವುದನ್ನು ಮಾತ್ರ.

ಇದ್ದಕ್ಕಿದ್ದಂತೆ, ಇವರು ದೊಡ್ಡ ಕಂಪನಿಯೊಂದಕ್ಕೆ ಹೋಗುವ ಪ್ರಯತ್ನದಲ್ಲಿದ್ದಾರೆ ಎಂಬ ಸುದ್ದಿ ಬಂತು. ಕೋ-ಪೈಲಟ್ಟರ ಕೋಣೆಯಲ್ಲಿ ಹಬ್ಬ. ಸಂದರ್ಶನದ ದಿನ ಒಬ್ಬ ಅವರ ಬೂಟಿಗೆ ಪಾಲಿಶ್ ಹೊಡೆದ, ಒಬ್ಬ ಅಂಗಿಗೆ ಇಸ್ತ್ರಿ ಹಾಕಿಸಿದ, ನಾನು ಆಟೋ ತಂದೆ. ನಮ್ಮ ಕಂಪನಿಯ ದೊಡ್ಡ ಸಾಹೇಬರು ಅವರನ್ನು ಬಿಟ್ಟು ಕೊಡಬೇಕೋ ಬೇಡವೋ ಎಂದು ವಿಚಾರ ಮಾಡುತ್ತ ನಮ್ಮನ್ನೂ ಕರೆದು ಕೇಳಿದರು, “ಮನುಷ್ಯ ಹ್ಯಾಗೆ?”

ಬಿಡುತ್ತೇವೆಯೇ? ಇಂಥ ಗುರು ಇಲ್ಲ ಎಂದೆವು. ಕೈ ಹಿಡಿದು ಕಲಿಸಿದರು ಎಂದೆವು. ಇವರು ದೊಡ್ಡ ಜಾಗಕ್ಕೇ ಸಲ್ಲುವವರು ಎಂದೆವು. ಒಬ್ಬನಂತೂ ಕಣ್ಣು ಒರೆಸಿಕೊಂಡ.

ಸಾಹೇಬರು ಎಲ್ಲವನ್ನೂ ಬರೆದುಕೊಂಡರು. ಮರುದಿನ ಹಿರಿಯ ಕ್ಯಾಪ್ಟನ್ನರು ನಗುತ್ತ ನಮ್ಮ ಕೋಣೆಗೆ ಬಂದರು. “ನಿಮ್ಮ ಮೊಹಬ್ಬತ್ತು ಕೇಳಿ ಸಾಹೇಬರು ನನ್ನನ್ನು ಬಿಡಲು ತಯಾರಿಲ್ಲ. ನಾನೂ ಮನಸ್ಸು ಬದಲಿಸಿದೆ. ಇವತ್ತಿನಿಂದ ಕೋ-ಪೈಲಟ್ಟರ ಬಡ್ತಿಯ ಉಸ್ತುವಾರಿಯೆಲ್ಲ ನನ್ನದೇ. ಇನ್ನು ಸಾವಕಾಶವಾಗಿ ಕಲಿಸುತ್ತೇನೆ. ಅವಸರ ಏನಿದೆ?”

೬. ಎಡಗಡೆಯ ಸೀಟು

ಸಾವಕಾಶವಾಗಿಯೇ ಆದರೂ ಕಡೆಗೆ ನಾನು ಕ್ಯಾಪ್ಟನ್ ಆದೆ. ವಿಮಾನದಲ್ಲಿ ಕ್ಯಾಪ್ಟನ್ ಕೂಡುವುದು ಎಡಗಡೆ, ಕೋ-ಪೈಲಟ್ ಬಲಗಡೆ. ಇಷ್ಟು ವರ್ಷ ಬಲಗಡೆ ಕೂತವನು ಎಡಗಡೆಗೆ ಬಂದ ದಿನ ಗೆಳೆಯನೊಬ್ಬ ಹಿಂದಿನಿಂದ ಫೋಟೋ ತೆಗೆದ. ಹಿಗ್ಗಿನಿಂದ ಅದನ್ನು ಊರಿಗೆ ಕಳಿಸಿದೆ.

ಅಪ್ಪನ ಗಲ್ಲಾಪೆಟ್ಟಿಗೆಯ ಮೇಲೆ ನನ್ನ ಹಳೆಯ ಫೋಟೋ ಒಂದು ತೂಗುತ್ತಿತ್ತು, ಬಲಗಡೆ ಕೂತದ್ದು. ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಯಾವ ಗಾಡಿ ನೋಡಿದರೂ ಡ್ರೈವರ್ ಬಲಗಡೆ, ಕ್ಲೀನರ್ ಎಡಗಡೆ. ಹೊಸ ಫೋಟೋವನ್ನು ಹಳೆಯದರ ಪಕ್ಕಕ್ಕೆ ಹಿಡಿದು ನೋಡಿದ ಅಪ್ಪ ಮಧ್ಯಾಹ್ನವೇ ಅಂಗಡಿ ಮುಚ್ಚಿದ. ಅವ್ವನಿಗೂ ಹೇಳದೆ ಹೈದರಾಬಾದಿನ ಬಸ್ಸು ಹತ್ತಿ, ನನಗೂ ತಿಳಿಸದೆ ನೇರವಾಗಿ ಕಂಪನಿಯ ದೊಡ್ಡ ಸಾಹೇಬರ ಮುಂದೆ ನಿಂತ. ನಡೆದದ್ದನ್ನು ನನಗೆ ಆಮೇಲೆ ಸಾಹೇಬರೇ ಹೇಳಿದರು.

“ಸಾಹೇಬ್ರ, ಹುಡುಗನ ಕಡಿಂದ ಏನ ತಪ್ಪಾಗ್ಯದೋ ಗೊತ್ತಿಲ್ಲ. ಹೊಟ್ಟ್ಯಾಗ ಹಾಕ್ಕೋರಿ. ಅವಂಗ ಮೊದಲಿನ ಜಾಗಾ ವಾಪಸ್ ಕೊಡ್ರಿ.”

“ಯಜಮಾನ್ರೇ, ನಿಮ್ಮ ಮಗನಿಗೆ ಬಡ್ತಿ ಆಗಿದೆ!”

“ಹೂಂ ರೀ, ಮನಸ ನೋಯಬಾರದಂತ ನೀವು ಹಂಗ ಅಂತೀರಿ. ದೊಡ್ಡ ಮಂದಿ. ಖರೆ ನಾ ಫೋಟೋ ನೋಡೀನಿ.”

ಸಾಹೇಬರು ಹಾಳೆಯ ಮೇಲೆ ವಿಮಾನದ ಚಿತ್ರ ಬರೆದು ತೋರಿಸಿದರು. ಅಪ್ಪ ಎಲ್ಲದಕ್ಕೂ ಹೌದ್ರಿ, ಹೌದ್ರಿ ಎಂದ, ಯಾವುದನ್ನೂ ನಂಬಲಿಲ್ಲ. ಹೇಳಿ ಸಾಕಾದ ಸಾಹೇಬರು, ಮರುದಿನ ನನ್ನ ವಿಮಾನದಲ್ಲೇ ಮುಂದಿನ ಸೀಟು ಕೊಟ್ಟು, ಕಣ್ಣಾರೆ ನೋಡಿ ಬರ್ರಿ ಎಂದು ಅವನನ್ನು ಹತ್ತಿಸಿದರು.

ಜೀವಮಾನದಲ್ಲಿ ಮೊದಲ ಸಲ ಅಪ್ಪ ನನ್ನ ವಿಮಾನದಲ್ಲಿ, ನನ್ನ ಬೆನ್ನ ಹಿಂದೆ. ಚೆನ್ನಾಗಿ ಹಾರಿಸಬೇಕು ಎಂದು ಟೈ ಮತ್ತೆ ಮತ್ತೆ ಸರಿ ಮಾಡಿಕೊಂಡೆ. ಬಲಗಡೆ ನನ್ನ ಕೋ-ಪೈಲಟ್, ರಾಯಚೂರಿನ ಹುಡುಗ, ನೌಕರಿಗೆ ಸೇರಿ ಇನ್ನೂ ಹೊಸದು. ಇಂಜಿನ್ ಶುರು ಮಾಡುವ ಮೊದಲು ಅಪ್ಪ ಮುಂದೆ ಬಾಗಿ, ನನ್ನ ತಲೆ ಸವರಿ, ಆ ಹುಡುಗನ ಹೆಗಲ ಮೇಲೆ ಕೈ ಇಟ್ಟ.

“ಡ್ರೈವರ್ ಸಾಹೇಬ್ರ, ಸಾವಕಾಶ ಹೊಡೀರಿ. ನಮ್ಮ ಹುಡುಗ ಬಾಜೂಕ ಕುಂತಾನ.”

ಹುಡುಗ ನನ್ನ ಮುಖ ನೋಡಿದ. ನಾನು ಹೂಂ ಅನ್ನು ಎಂದು ಕಣ್ಣು ಮಾಡಿದೆ. “ಆತ್ರಿ ಅಪ್ಪಾರ,” ಎಂದ.

ಅವತ್ತು ನಾನು ಇಳಿಸಿದಷ್ಟು ಮೆತ್ತಗೆ ವಿಮಾನವನ್ನು ನಾನು ಮತ್ತೆಂದೂ ಇಳಿಸಿಲ್ಲ. ಚಕ್ರ ನೆಲ ಮುಟ್ಟಿದ್ದು ನನಗೇ ತಿಳಿಯಲಿಲ್ಲ. ಅಪ್ಪ ಕಣ್ಣು ತುಂಬಿಕೊಂಡು ಎದ್ದು ಬಂದ. ಬಂದವನೇ ತನ್ನ ಚೀಲದಿಂದ ಅಂಗಡಿಯ ಅತ್ಯುತ್ತಮ ಅಂಗಿ ಬಟ್ಟೆ ತೆಗೆದು ರಾಯಚೂರಿನ ಹುಡುಗನ ಕೈಗಿಟ್ಟ. ಆಮೇಲೆ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದ.

“ಭಾರೀ ಹೊಡೀತಾನಪಾ ಅಂವ. ಒಂದ ತೆಗ್ಗಿನ್ಯಾಗೂ ಬೀಳಲಿಲ್ಲ. ಸುಮ್ನ ಅವನ ಬಾಜೂಕ ಕುಂತು ನೋಡಿ ನೋಡಿ ಕಲ್ತುಗೋ ತಮ್ಮಾ, ನಾಳೆ ನಿನಗೂ ಆ ಸೀಟ ಕೊಟ್ಟಾರು.”