ಬಸ್ ಹತ್ತದ ಅಕ್ಕನೂ ನನ್ನ ಎಂಟು ಮೆಟ್ಟಿಲೂ

ಒಬ್ಬರ ಮನಸ್ಸು ಅರ್ಥವಾಯಿತು ಅಂತ ನಾನು ಪೆನ್ನು ಮುಚ್ಚಿದ ದಿನವೇ ಅವರು ಬೇರೆ ದಾರಿ ಹಿಡಿದಿರುತ್ತಾರೆ. ಅಂಕೋಲೆಯಲ್ಲಿ ಆಪ್ತಸಮಾಲೋಚಕಿಯಾಗಿ ಇಷ್ಟು ವರ್ಷ ಕೂತರೂ ಇದು ತಪ್ಪಿಲ್ಲ.

೧. ಸೋಡಾ

ಬೆಳಂಬಾರದ ಒಬ್ಬ ಅಕ್ಕ. ಒಮ್ಮೆ ತುಂಬಿದ ಬಸ್ಸಿನಲ್ಲಿ ಎದೆ ಡವಡವ ಹೊಡೆದು ಸತ್ತೇ ಹೋದೆ ಅನಿಸಿತಂತೆ. ಅಂದಿನಿಂದ ಬಸ್ ಬಂದ್. ಈಗ ಕಾರವಾರದಲ್ಲಿರುವ ಬಸುರಿ ಮಗಳಿಗೆ ಆರು ತಿಂಗಳು ತುಂಬಿದೆ, ಡಾಕ್ಟರು ಓಡಾಟ ಬೇಡ ಅಂದಿದ್ದಾರೆ. ಹೆರಿಗೆಗೆ ಅಮ್ಮನೇ ಅಲ್ಲಿಗೆ ಹೋಗಬೇಕು.

ಹೆದರಿಕೆ ಯಾಕೆ ಬಂತು, ಯಾಕೆ ಹೋಗುತ್ತಿಲ್ಲ ಅಂತ ಅಕ್ಕನನ್ನು ಕೇಳಿದೆ. ಉತ್ತರ ಕೊಟ್ಟವರು ಗಂಡ.

"ಗ್ಯಾಸ್ ಅಷ್ಟೇ ಮೇಡಮ್. ಸೋಡಾ ಕುಡಿದ್ರೆ ಹೋಗ್ತದೆ."

"ಮೂರು ತಿಂಗಳಿಂದ ಕುಡಿಸ್ತಾ ಇದ್ದಾರೆ," ಅಂದರು ಅಕ್ಕ. "ಈಗ ಸೋಡಾ ಕಂಡ್ರೂ ಹೆದರಿಕೆ."

೨. ಹತ್ತಕ್ಕೆ ಎಷ್ಟು?

ಹೆದರಿಕೆಗೆ ದಿನವೂ ಹತ್ತಕ್ಕೆ ಎಷ್ಟು ಅಂತ ಅಂಕಿ ಬರೆಯಲು ಹೇಳಿದೆ. ಮುಂದಿನ ವಾರ ಪಟ್ಟಿ ನೋಡಿದರೆ ಎಲ್ಲ ದಿನವೂ ಎರಡು. ನನಗೆ ಖುಷಿಯೋ ಖುಷಿ.

"ನಮ್ಮನೆಯವರು ಬರೆದದ್ದು," ಅಂದರು ಅಕ್ಕ. "ನಾ ಒಂಬತ್ತು ಅಂದೆ. ಮೇಡಮ್ ಎದುರು ಅಷ್ಟೆಲ್ಲ ಚಂದ ಕಾಣುದಿಲ್ಲ ಅಂತ ಇಳಿಸಿದ್ರು."

೩. ಮೊದಲ ಮೆಟ್ಟಿಲು

ಎಂಟು ವಾರಕ್ಕೆ ಎಂಟು ಮೆಟ್ಟಿಲಿನ ಯೋಜನೆ ಬರೆದೆ. ಮೊದಲನೆಯದು, ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತು ವಾಪಸ್ಸಾಗುವುದು. ಹತ್ತುವುದು ಎಂಟನೇ ವಾರ.

ಮೂರನೇ ದಿನ ಅಕ್ಕ ಬೆವರುತ್ತಾ ನನ್ನ ಬಾಗಿಲಲ್ಲಿ ನಿಂತಿದ್ದರು. ಬಸ್ಸಲ್ಲೇ ಬಂದಿದ್ದರು.

"ನಿಲ್ಲಿ ಅಂದ್ರಿ, ನಿಂತೆ. ಡ್ರೈವರ್ ಬಿಡಬೇಕಲ್ಲ? ಹಾರ್ನ್ ಹೊಡ್ದು, 'ಅಕ್ಕ, ಹತ್ತಿ, ಎಲ್ಲ ಕಾಯ್ತಾ ಇದ್ದಾರೆ' ಅಂದ. ಸುಮ್ನೆ ನಿಂತದ್ದು ಅಂತ ಹೇಗೆ ಹೇಳುದು, ಮರ್ಯಾದೆ ಪ್ರಶ್ನೆ. ಹತ್ತಿಬಿಟ್ಟೆ."

"ಎದೆ ಹೊಡಕೊಳ್ಳಲಿಲ್ವಾ?"

"ಹೊಡಕೊಳ್ತು. ಎಲ್ಲಿಗೆ ಅಂತ ಬಸ್ಸೆಲ್ಲ ಕೇಳ್ತಾ ಇತ್ತು, ಸುಳ್ಳು ಹುಡುಕುದ್ರಲ್ಲಿ ಎದೆ ಕಡೆ ನೋಡ್ಲಿಕ್ಕೆ ಪುರಸೊತ್ತಾಗಲಿಲ್ಲ."

ನಮ್ಮೂರ ಸ್ಟಾಪಿನಲ್ಲಿ ಸುಮ್ಮನೆ ನಿಲ್ಲಲು ಯಾರೂ ಬಿಡುವುದಿಲ್ಲ ಅನ್ನುವುದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಎಂಟನೇ ಮೆಟ್ಟಿಲನ್ನು ಮೊದಲಿಗೆ ತಂದು ಬರೆದುಕೊಂಡೆ.

೪. ಕಾರವಾರದಿಂದ ಫೋನು

ದಿನಾ ಒಂದೊಂದು ಸ್ಟಾಪು ಮುಂದೆ ಹೋಗುತ್ತಾ ಹೋಗುತ್ತಾ, ಒಂದು ಬೆಳಿಗ್ಗೆ ಅಕ್ಕ ಕಾರವಾರದಿಂದಲೇ ಫೋನು ಮಾಡಿದರು.

"ಹೆಣ್ಣು ಮಗು ಮೇಡಮ್. ಇಬ್ಬರೂ ಆರಾಮ. ಮಗಳು ನೋವಿಗೆ ಕೂಗುವಾಗೆಲ್ಲ ಅವಳ ಕೈ ನಾನೇ ಹಿಡ್ಕೊಂಡಿದ್ದೆ."

ನನ್ನ ಕಣ್ಣು ತುಂಬಿತು. "ನೀವು?"

"ನಂಗೆಂತ ಆಗ್ಲಿಲ್ಲ. ಇವ್ರೇ ಹೊರಗೆ ಬೆಂಚಿನ ಮೇಲೆ ಬೆವರಿ, ಎದೆ ಹಿಡಕೊಂಡು ಕೂತಿದ್ರು. ಡಾಕ್ಟರು ನೋಡಿ, ಹೆದರಿಕೆ, ಬೇರೆಂತದೂ ಇಲ್ಲ ಅಂದ್ರು. ಹತ್ತಕ್ಕೆ ಎಷ್ಟು ಅಂತ ನಾನು ಕೇಳ್ದೆ."

"ಎಷ್ಟಂತೆ?"

"ಹನ್ನೆರಡು ಅಂದ್ರು. ನಾ ಎರಡು ಅಂತ ಬರ್ಕೊಂಡು, ಸೋಡಾ ಕುಡಿಸ್ದೆ."