ಮೂರು ಮನೆಯ ವೈನು, ಒಂದು ಸೋರುವ ಜಾಡಿ

ಮದ್ಯ ಮುಟ್ಟದವರಿಗೆ ಈ ಸೀಮೆಯಲ್ಲಿ ತಪ್ಪದ ಉದ್ಯೋಗವೊಂದಿದೆ: ಮುಟ್ಟುವವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬರುವುದು. ಆದ್ದರಿಂದ ನಗೆಪಾಟಲಿನ ಸಂಗತಿಗಳು ನನ್ನ ಕಣ್ಣೆದುರಿಗೇ ನಡೆಯುತ್ತಲೇ ಇರುತ್ತವೆ. ಮರುದಿನ ಅವನ್ನು ಸರಿಯಾಗಿ ನೆನಪಿಟ್ಟುಕೊಂಡಿರುವವಳೂ ನಾನೊಬ್ಬಳೇ.

೧. ಷರತ್ತು

ನನ್ನ ತಂಗಿ ಇರುವುದು ಕೆ. ಹೊಸಕೋಟೆ ಎಂಬ ಊರಿನ ಬಳಿಯ ಕಾಫಿ ತೋಟದಲ್ಲಿ. ಎಂಟು ವರ್ಷಗಳಿಂದ ನೇರಳೆ ಹಣ್ಣಿನ ವೈನು ಮಾಡುತ್ತಿದ್ದಾಳೆ. ನೆಂಟರಿಗೆ ಕೊಟ್ಟೂ ಕೊಟ್ಟೂ ಬೇಸತ್ತು, ಲೈಸೆನ್ಸ್ ಪಡೆದು ಮಾರುವುದೆಂದು ಹೋದ ವರ್ಷ ನಿಶ್ಚಯಿಸಿದಳು. ಅದಕ್ಕೊಂದು ತಂಪಾದ ಕಟ್ಟಡ ಬೇಕಿತ್ತು. ತೋಟದಲ್ಲಿ ಅಂಥದು ಇದ್ದುದು ಒಂದೇ: ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ ಹಳೆಯ ಪಲ್ಪರ್ ಶೆಡ್. ಅದರೊಳಗೆ ಅವಳ ಯಜಮಾನರ ಜೀಪು ಹಲವು ವರ್ಷಗಳಿಂದ ವಿಶ್ರಾಂತಿ ಪಡೆಯುತ್ತಿತ್ತು.

ಯಜಮಾನರು ಕಾಫಿ ಕ್ಯೂರಿಂಗ್ ವರ್ಕ್ಸೊಂದರಲ್ಲಿ ಮೂವತ್ತು ವರ್ಷ ಕಾಫಿಯ ರುಚಿ ನೋಡಿ ದರ್ಜೆ ಹೇಳಿದವರು. ತಮ್ಮ ನಾಲಿಗೆಯ ಮೇಲೆ ಅವರಿಗಿರುವ ಗೌರವ ಮತ್ತಾರ ಮೇಲೂ ಇಲ್ಲ. ಹೆಂಡತಿಯ ವೈನನ್ನು ಮಾತ್ರ ಈ ಎಂಟು ವರ್ಷಗಳಲ್ಲಿ ಒಂದು ಹನಿಯೂ ಮುಟ್ಟಿಲ್ಲವೆಂದು ಎಲ್ಲರೆದುರೂ ಹೇಳುತ್ತಿದ್ದರು.

"ಜೀಪು ಆಚೆ ತೆಗೀರಿ. ಶೆಡ್ ನಂಗೆ ಬೇಕು," ಎಂದಳು ತಂಗಿ.

"ಜೀಪು ಮಳೇಲಿ ನೆನೀಬೇಕಾ?"

"ಅದು ಓಡೋದಾದ್ರೆ ತಾನೇ ಮಳೆ ತಪ್ಪಿಸ್ಕೊಂಡು ಹೋಗ್ತದೆ."

ಯಜಮಾನರು ನನ್ನ ಕಡೆ ತಿರುಗಿದರು. "ನೋಡಿ ಅತ್ತಿಗೆ, ನೀವೇ ಸಾಕ್ಷಿ. ಬೇರೆ ಮೂರು ಮನೆ ನೇರಳೆ ವೈನ್ ತರಾಣ. ಅವುಗಳ ಜೊತೆ ಇವಳದ್ದೂ ಇಟ್ಟು, ಯಾವುದು ಯಾರದ್ದು ಅಂತ ಹೇಳ್ದೆ ಕೊಡ್ಲಿ. ಇವಳದ್ದೇ ಮೇಲು ಅಂತ ನನ್ ನಾಲಿಗೆ ಹೇಳಿದ್ರೆ ಶೆಡ್ ಇವಳದು. ಇಲ್ಲಾಂದ್ರೆ ಜೀಪಿಂದು."

ತಂಗಿ ಒಪ್ಪಿದಳು. ನಾನು ಕಾರಿನ ಕೀಲಿಕೈ ತೆಗೆದುಕೊಂಡೆ.

ಹೊರಡುವಾಗ ಅಂಗಳದಲ್ಲಿ ಒಂದು ದೊಡ್ಡ ಪಿಂಗಾಣಿ ಜಾಡಿ ಕಂಡಿತು. ಅವಳ ಮೂರು ವೈನ್ ಜಾಡಿಗಳಲ್ಲಿ ಅದು ಮೂರನೆಯದು. ಇಟ್ಟ ವೈನು ದಿನದಿನಕ್ಕೆ ಇಳಿಯುತ್ತಿದ್ದುದರಿಂದ, ಎಲ್ಲೋ ಸೀಳು ಬಿಟ್ಟು ಸೋರುತ್ತಿದೆಯೆಂದು ತೀರ್ಮಾನಿಸಿ, ಅದಕ್ಕೆ ಮಣ್ಣು ತುಂಬಿ ಮಲ್ಲಿಗೆ ನೆಟ್ಟಿದ್ದಳು. ಮಲ್ಲಿಗೆಯ ಎಲೆಗಳು ಹಳದಿಯಾಗಿದ್ದವು. ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತಿತ್ತು. ಕೇಳದ ಪ್ರಶ್ನೆಗೆ ಉತ್ತರ ಹೇಳಬಾರದೆಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ನಾನು ಹೇಳಲಿಲ್ಲ.

೨. ಮಂಡಿ ನೋವಿನ ಮದ್ದು

ಮೊದಲು ಹೋದದ್ದು ದೋಣಿಗಲ್ಲಿಗೆ. ಗಂಡ ಹೆಂಡತಿ ಇಬ್ಬರೇ ನಡೆಸುವ ವ್ಯವಹಾರ. ಮನೆ ಹೆದ್ದಾರಿಗೆ ಅಂಟಿಕೊಂಡಿದೆ. ಘಾಟಿ ಹತ್ತುವ ಒಂದೊಂದು ಲಾರಿಗೂ ಕಪಾಟಿನ ಬಾಟಲಿಗಳು ಹಲ್ಲು ಕಡಿಯುತ್ತವೆ. ಮನೆಯಾತ ಕುಂಟುತ್ತ ಬಂದು ನಮ್ಮನ್ನು ಸಾಲಾಗಿ ಕೂರಿಸಿದ.

"ಇದು ನೇರಳೆದು, ಸಕ್ಕರೆ ಕಾಯಿಲೆಗೆ. ಇದು ಶುಂಠಿದು, ಗ್ಯಾಸಿಗೆ. ಅನಾನಸಿಂದು ಕಿಡ್ನಿ ಕಲ್ಲಿಗೆ. ಈ ಕಿತ್ತಳೆದು ಐತಲ್ಲ ಮೇಡಂ, ಮಂಡಿ ನೋವಿಗೆ ಇದರ ಮುಂದೆ ಯಾವ ಡಾಕ್ಟ್ರೂ ಇಲ್ಲ."

"ಇವುಗಳಲ್ಲಿ ವೈನು ಯಾವುದು?" ಎಂದು ಕೇಳಿದೆ.

ಆತ ನಗಲಿಲ್ಲ. ನಾನೂ ನಗಿಸಲು ಕೇಳಿರಲಿಲ್ಲ.

"ಇಷ್ಟೊಂದು ಔಷಧವನ್ನು ಮನೆಯಲ್ಲಿಟ್ಟುಕೊಂಡು ನೀವೇಕೆ ಕುಂಟುತ್ತಿದ್ದೀರಿ?"

ಆತ ಕಿಟಕಿಯಾಚೆಯ ಲಾರಿಯೊಂದನ್ನು ಗಮನವಿಟ್ಟು ನೋಡತೊಡಗಿದ. ಉತ್ತರ ಅಡುಗೆಮನೆಯಿಂದ, ಹೆಂಡತಿಯ ಕಡೆಯಿಂದ ಬಂತು.

"ಅದಾ? ಹೋದ ವಾರ ಮಂಡಿ ನೋವಿನ ಔಷಧಿ ಎರಡು ಲೋಟ ಜಾಸ್ತಿ ಕುಡಿದ್ಬುಟ್ಟು ಮೆಟ್ಲು ಮೇಲಿಂದ ಬಿದ್ದಿದ್ದು ಕಣ್ರೀ."

ಸಕ್ಕರೆ ಕಾಯಿಲೆಯದನ್ನು ಒಂದು ಬಾಟಲಿ ಕೊಂಡು, ಮೆಟ್ಟಿಲುಗಳನ್ನು ಎಚ್ಚರದಿಂದ ಇಳಿದೆವು.

೩. ದೇವರಮನೆಯ ವೈನು

ಮುಂದಿನ ಶನಿವಾರ ಹೆಗ್ಗದ್ದೆ. ಆ ಮನೆಯಲ್ಲಿ ವೈನು ಮಾಡುವವರು ಅತ್ತೆ ಸೊಸೆ. ಅವರ ಜಾಡಿಗಳು ಇದ್ದುದು ದೇವರಮನೆಯಲ್ಲಿ. ದೇವರ ಪಟಗಳ ಕೆಳಗೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಮೌನವ್ರತ ಹಿಡಿದಂತೆ ಕೂತಿದ್ದವು.

ನಾನು ಹುಬ್ಬೇರಿಸಿದ್ದನ್ನು ಸೊಸೆ ಗಮನಿಸಿದಳು. "ಮನೇಲಿ ತಂಪಾಗಿ ಕತ್ತಲಾಗಿರೋ ಜಾಗ ಇದೊಂದೇ ಮೇಡಂ. ಎರಡು ವರ್ಷದ ಹಿಂದೆ ಇಲ್ಲಿ ಆದ ವೈನು ಹೆಂಗಿತ್ತು ಅಂತೀರಾ, ಕನ್ನಡಿ ಹಂಗೆ."

"ಆ ವರ್ಷ ಬೇರೆ ಏನು ಮಾಡಿದ್ದಿರಿ?"

"ನಾವೇನೂ ಮಾಡ್ಲಿಲ್ಲ. ದಾಯಾದಿ ಮನೇಲಿ ಒಬ್ರು ತೀರ್ಕೊಂಡ್ರು. ಸೂತಕ ಅಂತ ಹತ್ತು ದಿನ ಯಾರೂ ದೇವರಮನೆ ಹೊಸಿಲು ದಾಟ್ಲಿಲ್ಲ. ಇಲ್ಲಾಂದ್ರೆ ನಮ್ಮತ್ತೆ ದಿನಾ ದೀಪ ಹಚ್ಚಕ್ಕೆ ಬರೋರು, ಬಂದೋರು ಬಟ್ಟೆ ಬಿಚ್ಚಿ ಇಣುಕೋರು, ಇಣುಕಿದೋರು ಸೌಟು ಹಾಕಿ ತಿರುವೋರು. ಆ ಸಲ ಮುಟ್ಟೋರೇ ಇಲ್ದೆ ಗಷ್ಟೆಲ್ಲ ತಳಕ್ಕೆ ಕೂತ್ಬುಡ್ತು."

"ಹಾಗಿದ್ದರೆ ಪ್ರತಿ ವರ್ಷವೂ ಹತ್ತು ದಿನ ಬೀಗ ಹಾಕಿದರಾಯಿತು."

ಅತ್ತೆ ನನ್ನನ್ನು ನಾಸ್ತಿಕಳನ್ನು ನೋಡುವಂತೆ ನೋಡಿದರು. "ಸೂತಕ ಇಲ್ದೆ ದೇವ್ರಿಗೆ ಬೀಗ ಹಾಕೋಕಾಗ್ತದಾ? ದೀಪ ಯಾರು ಹಚ್ತಾರೆ?"

"ಈ ವರ್ಷದ್ದು ಹೇಗಿದೆ?" ಎಂದು ನನ್ನ ತಂಗಿ ಕೇಳಿದಳು.

"ಸುಮಾರಾಗೈತೆ," ಎಂದು ಸೊಸೆ ನಿಟ್ಟುಸಿರಿಟ್ಟಳು. "ಈ ವರ್ಷ ದಾಯಾದಿಗಳಲ್ಲಿ ಯಾರೂ ಹೋಗಿಲ್ಲ."

ಜಗುಲಿಯ ಮೇಲೆ, ದಾಯಾದಿ ಮನೆಯಿಂದ ಹರಟೆಗೆಂದು ಬಂದಿದ್ದ ತೊಂಬತ್ತರ ದೊಡ್ಡಪ್ಪನೊಬ್ಬರು ಲೋಟ ಹಿಡಿದು ಕೂತಿದ್ದರು. ಅತ್ತೆ, ಸೊಸೆ, ಕಡೆಗೆ ತಂಗಿಯ ಯಜಮಾನರೂ ಅವರತ್ತ ಒಮ್ಮೆ ನೋಡಿದರು. ದೊಡ್ಡಪ್ಪ ಲೋಟವನ್ನು ಕೆಳಗಿಡದೆಯೇ ಹೇಳಿದರು:

"ನನ್ ಕಡೆ ನೋಡ್ಬೇಡಿ. ನಾನು ಹೋದ್ರೆ ಆಗೋ ವೈನು ನಂಗೆ ಸಿಕ್ಕಲ್ಲ."

೪. ಉಗಿಯುವ ಪಾತ್ರೆ

ಮೂರನೆಯದು ಆಲೂರಿನ ಕಡೆಯ ಗುಡ್ಡದ ಮೇಲೆ. ದಂಪತಿಗಳು ಎಲ್ಲಿಗೋ ಹೋಗಿ ವೈನು ಮಾಡುವುದನ್ನು ಕ್ರಮವಾಗಿ ಕಲಿತು ಬಂದವರು. ಸ್ಟೀಲಿನ ಡ್ರಮ್ಮುಗಳು, ತೊಳೆದ ನೆಲ, ಕಾಲಿದ್ದ ಗಾಜಿನ ಲೋಟಗಳು. ಮನೆಯಾತ ವಿನಯದಿಂದ ವಿವರಿಸಿದ: ಮೊದಲು ಬಣ್ಣ ನೋಡಬೇಕು, ಆಮೇಲೆ ಮೂಸಬೇಕು, ಆಮೇಲೆ ಗುಟುಕು ಬಾಯಲ್ಲಾಡಿಸಿ ಈ ಪಾತ್ರೆಗೆ ಉಗಿಯಬೇಕು.

"ಒಂದು ಚಮಚ ಕೊಡಿ," ಎಂದರು ತಂಗಿಯ ಯಜಮಾನರು.

ಕಾಫಿಯ ರುಚಿ ನೋಡುವವರು ಚಮಚದಿಂದ ಜೋರಾಗಿ ಹೀರುತ್ತಾರೆ. ಸದ್ದಾದಷ್ಟೂ ರುಚಿ ನಾಲಿಗೆಯ ಮೇಲೆಲ್ಲ ಹರಡುತ್ತದಂತೆ. ಅವರು ಹೀರಿದ ಸದ್ದಿಗೆ ಗೇಟಿನ ಬಳಿ ಮಲಗಿದ್ದ ನಾಯಿ ಎದ್ದು ನಿಂತಿತು. ಅವರು ಕಣ್ಣು ಮುಚ್ಚಿದರು. ಮೂವತ್ತು ವರ್ಷದ ಅಭ್ಯಾಸ ತಾನಾಗಿಯೇ ಮಾತಾಡತೊಡಗಿತು.

"ಹಣ್ಣು ಚೆನ್ನಾಗೈತೆ. ಕಿತ್ತ ಮೇಲೆ ಒಂದಿನ ಗೋಣಿಚೀಲದಲ್ಲಿ ಇಟ್ಟಿದೀರಿ. ಚೀಲ ಹಳೇದು. ಅದ್ರಲ್ಲಿ ಮೊದಲು ಮೆಣಸಿತ್ತು."

ಮನೆಯಾತನ ಮುಖ ಬಿಳಿಚಿತು. ಹೆಂಡತಿ ಗಂಡನ ಕಡೆ ತಿರುಗಿ, "ಹೊಸ ಚೀಲ ತನ್ನಿ ಅಂತ ಬಡ್ಕೊಂಡೆ," ಎಂದು ಮೆಲ್ಲಗೆ ಹೇಳಿದರು.

ಬಳಿಕ ಎಲ್ಲರೂ ಉಗಿಯುವ ಪಾತ್ರೆಯ ಕಡೆ ನೋಡಿದರು. ಯಜಮಾನರು ಆಗಲೇ ನುಂಗಿಯಾಗಿತ್ತು.

"ಕಾಫಿ ಉಗೀತಿದ್ರಲ್ಲ?" ಎಂದಳು ತಂಗಿ.

"ಅದು ಕಂಪನಿದು ಕಣೇ. ಉಗಿಯಕ್ಕೆ ಸಂಬಳ ಕೊಡ್ತಿದ್ರು."

೫. ಪರೀಕ್ಷೆ

ಕೆ. ಹೊಸಕೋಟೆಯ ಮನೆಯ ಊಟದ ಮೇಜಿನ ಮೇಲೆ ಮೂರು ಮನೆಗಳಿಂದ ಕೊಂಡು ತಂದ ವೈನನ್ನೂ ತಂಗಿಯದನ್ನೂ ನಾಲ್ಕು ಸ್ಟೀಲಿನ ಲೋಟಗಳಲ್ಲಿ ಸುರಿದಿಟ್ಟು, ಪ್ರತಿಯೊಂದರ ಅಡಿಯಲ್ಲೂ ಮಡಿಸಿದ ಚೀಟಿಯನ್ನು ಸೇರಿಸಿದವಳು ನಾನೇ. ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ಎಷ್ಟೋ ಪರೀಕ್ಷೆಗಳಿಗೆ ಮೇಲ್ವಿಚಾರಣೆ ಮಾಡಿದ್ದೇನೆ. ಅಭ್ಯರ್ಥಿ ಇಷ್ಟು ಉತ್ಸಾಹದಿಂದ ಕೂತದ್ದನ್ನು ನೋಡಿರಲಿಲ್ಲ.

ತಂಗಿ ಬಾಗಿಲ ಬಳಿ ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಎಂಟು ವರ್ಷದ ಕೆಲಸ ಒಂದು ಚಮಚಕ್ಕೆ ಬಂದು ನಿಂತಿತ್ತು. ಬರುವ ದಾರಿಯಲ್ಲಿ ಯಜಮಾನರು ಜೀಪಿಗೆ ಹೊಸ ಹೊದಿಕೆ ಹೊಲಿಸುವ ಮಾತಾಡಿದ್ದರು. ಹೆಂಡತಿಯ ವೈನು ಯಾವ ಲೋಟದಲ್ಲೇ ಇರಲಿ, ಗುರುತು ಸಿಕ್ಕದವರಂತೆ ತಲೆಯಾಡಿಸಿ, ಬೇರೊಂದನ್ನು ಎತ್ತಿ ಹಿಡಿಯುವುದೆಂದು ಅವರು ನಿರ್ಧರಿಸಿದ್ದರೆಂಬುದು ನನಗೆ ಸ್ಪಷ್ಟವಿತ್ತು. ನಕಲು ಮಾಡಲು ಹೊರಟ ಹುಡುಗಿಯರ ಮುಖ ನಾನು ಬಲ್ಲೆ.

ಮೊದಲ ಲೋಟ. ಚಮಚ, ಸದ್ದು, ಮುಚ್ಚಿದ ಕಣ್ಣು. "ದೋಣಿಗಲ್ಲು. ಲಾರಿ ಹೊಗೆ ಸುದ್ದಾ ಸಿಗ್ತದೆ."

ಎರಡನೆಯದು. "ಹೆಗ್ಗದ್ದೆ. ಕರ್ಪೂರ."

ಮೂರನೆಯದು. "ಮೆಣಸಿನ ಚೀಲ."

ನಾಲ್ಕನೆಯದನ್ನು ಹೀರಿದರು. ಹುಬ್ಬು ಸಡಿಲವಾಯಿತು. ಮುಖ, ದೂರದ ಊರಿನಿಂದ ಬಂದು ಸ್ವಂತ ಮಂಚದ ಮೇಲೆ ಕಾಲು ಚಾಚಿದವರ ಮುಖವಾಯಿತು. ನಿರ್ಧಾರವೆಲ್ಲ ಮರೆತುಹೋಗಿ ನಾಲಿಗೆಯೇ ಉತ್ತರ ಬರೆಯತೊಡಗಿತು.

"ನಾಕರಲ್ಲಿ ಇದೇ ಮೇಲು, ಎರಡು ಮಾತಿಲ್ಲ. ಮೊದಲನೇ ಜಾಡಿದು ಇದು. ಎರಡನೇದಕ್ಕೆ ಲವಂಗ ಒಂಚೂರು ಜಾಸ್ತಿ ಬಿದ್ಬುಟ್ಟಿತ್ತು. ಆದ್ರೆ ಏನೇ ಹೇಳಿ ಅತ್ತಿಗೆ, ಆ ಮೂರನೇ ಜಾಡಿದ್ರ ಮುಂದೆ ಇವೆರಡೂ ಏನೂ ಅಲ್ಲ."

ಕಣ್ಣು ತೆರೆದರು. ಆಮೇಲೆ ತೆರೆದ ಕಣ್ಣನ್ನು ಎಲ್ಲಿಡುವುದೆಂದು ತಿಳಿಯದೆ ಲೋಟದೊಳಗಿಟ್ಟರು.

ನಾನು ಚೀಟಿ ಬಿಡಿಸಿ ತೋರಿಸಿದೆ. ಸರಿಯಾಗಿತ್ತು. ಅವರು ಯಾರೂ ಕೇಳದೆಯೇ ಜೇಬಿನಿಂದ ಪಲ್ಪರ್ ಶೆಡ್ಡಿನ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟರು. ತಂಗಿ ಬಂದು ಅದನ್ನೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುಖದಲ್ಲಿ ನಗುವಿರಲಿಲ್ಲ. ಕಿಟಕಿಯಾಚೆ ಅಂಗಳದಲ್ಲಿ, ನಿಂತ ನೀರಿನಲ್ಲಿ ಕೊಳೆಯುತ್ತಿದ್ದ ಮಲ್ಲಿಗೆಯನ್ನು ಬಹಳ ಹೊತ್ತು ನೋಡಿದಳು.

"ರೀ," ಎಂದಳು. "ಮೂರನೇ ಜಾಡಿ ಸೋರ್ತಿತ್ತಲ್ವಾ?"

ಯಜಮಾನರು ಅತ್ಯಂತ ಗಂಭೀರವಾಗಿ ಯೋಚಿಸಿದರು.

"ಸೋರ್ತಿತ್ತು ಕಣೇ. ನೆಲಕ್ಕೆ ಬಿದ್ದು ಹಾಳಾಗ್ಬಾರ್ದು ಅಂತ ನಾನೇ ದಿನಾ ಲೋಟ ಹಿಡೀತಿದ್ದೆ."