ಪ್ರಮಾಣಿತ ಮೊಣಕಾಲು

ಅಳತೆ ಮತ್ತು ತೂಕ ಇಲಾಖೆಯ ಕಚೇರಿ ಐದನೆಯ ಮಹಡಿಯಲ್ಲಿದೆ, ಲಿಫ್ಟು ನೆಲಮಹಡಿಯಲ್ಲಿದೆ. ಎರಡೂ ಬಹುಕಾಲದಿಂದ ತಂತಮ್ಮ ಜಾಗ ಬಿಟ್ಟು ಕದಲಿರಲಿಲ್ಲ.

ಹೆಡ್ ಗುಮಾಸ್ತರ ಬಲಮೊಣಕಾಲು ಊದಿತ್ತು. ಮೊಮ್ಮಗಳ ಜೊತೆ ನೆಲದ ಮೇಲೆ ಕೂತು ಆಡಬೇಕು, ಆಡಿದ ಮೇಲೆ ಯಾರ ಕೈಯನ್ನೂ ಹಿಡಿಯದೆ ಏಳಬೇಕು ಎಂಬುದಷ್ಟೇ ಅವರ ಆಸೆ. ಲಿಫ್ಟು ರಿಪೇರಿ ಮಾಡಿಸಿ ಎಂದು ಅರ್ಜಿ ಹಾಕಿ ಹಾಕಿ ಸಾಕಾಗಿದ್ದರು. ಕಡೆಗೂ ಇಲಾಖೆ ಕಣ್ಣು ತೆರೆಯಿತು. ಲಿಫ್ಟು ಬಾಡಿಗೆ ಕಟ್ಟಡದ್ದು, ಮೊಣಕಾಲು ಇಲಾಖೆಯದ್ದು. ಆದಕಾರಣ ಮೊಣಕಾಲನ್ನೇ ದುರಸ್ತಿಪಡಿಸತಕ್ಕದ್ದು ಎಂದು ಆದೇಶ ಹೊರಟಿತು.

ಕೀಲು ಮಾತ್ರೆಯ ಡಬ್ಬಿಗಳು ಬಂದವು. ಇದರಲ್ಲಿರುವ ಸತ್ವ ಮೈಯೊಳಗಿನ ಉರಿಯೂತವನ್ನು ಇಳಿಸಬಹುದು ಎಂದು ಮೇಲೆ ಅಚ್ಚಾಗಿತ್ತು. ಅಳೆದು ನೋಡದೆ ಈ ಇಲಾಖೆ ಹೆತ್ತಮ್ಮನ ಕೈತುತ್ತನ್ನೂ ನಂಬುವುದಿಲ್ಲ. ಗುಣ ಸಾಬೀತಾಗದ ಪದಾರ್ಥವನ್ನು ಸಿಬ್ಬಂದಿಗೆ ಹಂಚಕೂಡದೆಂಬ ನಿಯಮವಿದ್ದುದರಿಂದ ಡಬ್ಬಿಗಳನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿ, ಪರೀಕ್ಷೆ ಶುರುಮಾಡಿದರು.

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ ಹೆಡ್ ಗುಮಾಸ್ತರ ಮೊಣಕಾಲನ್ನು ಬೆಳಿಗ್ಗೆ ಮುದ್ರೆಯೊತ್ತಿದ ಟೇಪಿನಲ್ಲಿ ಅಳೆದರು. ಅಳತೆ ಕೆಡಬಾರದೆಂದು ದಿನವಿಡೀ ಕಾಲನ್ನು ಕುರ್ಚಿಯ ಮೇಲೆ ಚಾಚಿಸಿ ಕೂರಿಸಿದರು. ಸಂಜೆ ಅಳೆದರೆ ಊತ ಇಳಿದಿತ್ತು.

“ಸಾರ್, ಮಾತ್ರೆ ನಾನಿನ್ನೂ ತಿಂದೇ ಇಲ್ಲ,” ಎಂದರು ಅವರು.

“ತಿನ್ನದೇನೇ ಇಷ್ಟು ಗುಣ ಕೊಡೋ ಮಾತ್ರೇನ ತಿಂದು ಯಾಕ್ರೀ ಹಾಳು ಮಾಡ್ತೀರಿ?” ಎಂದರು ನಿರ್ದೇಶಕರು.

ಹೆಡ್ ಗುಮಾಸ್ತರಿಗೂ ಅದು ಸರಿಯೆನಿಸಿತು. ಮನೆಗೆ ಹೋಗಲು ಮೆಟ್ಟಿಲಿಳಿಯುವಾಗ ಊತ ಮರಳುತ್ತಿತ್ತು ನಿಜ. ಆದರೆ ಅದು ಕಚೇರಿ ವೇಳೆಯ ನಂತರದ ಊತವಾದ್ದರಿಂದ ಲೆಕ್ಕಕ್ಕಿರಲಿಲ್ಲ. ಇಷ್ಟು ಕರಾರುವಾಕ್ಕಾಗಿ ಊದಿ ಇಳಿಯುವ ಕಾಲು ಇನ್ನೊಂದಿಲ್ಲವೆಂದು ಇಲಾಖೆ ಅದನ್ನು ಪ್ರಮಾಣಿತ ಮೊಣಕಾಲು ಎಂದು ಘೋಷಿಸಿ ಪ್ರಮಾಣಪತ್ರವನ್ನೂ ಕೊಟ್ಟಿತು. ಮಾವನ ಮನೆಯವರು ಮೊದಲ ಬಾರಿಗೆ ಅವರನ್ನು ಬಹುವಚನದಲ್ಲಿ ಮಾತಾಡಿಸಿದರು.

ಹೀಗಿರಲು ಪಕ್ಕದ ಕಟ್ಟಡಕ್ಕೆ ಹೋಗಬೇಕಿದ್ದ ಮೆಕ್ಯಾನಿಕ್ಕು ದಾರಿ ತಪ್ಪಿ ಇಲ್ಲಿಗೆ ಬಂದು ಲಿಫ್ಟನ್ನು ಸರಿಮಾಡಿಬಿಟ್ಟ. ಮರುದಿನ ಹೆಡ್ ಗುಮಾಸ್ತರು ಹಾಯಾಗಿ ನಿಂತುಕೊಂಡೇ ಮೇಲೆ ಬಂದರು, ಹಾಗೆಯೇ ಇಳಿದರು. ಅಂದು ಸಂಜೆ ನೆಲದಿಂದ ತಾವೇ ಎದ್ದರು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಅವರಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷವಾಯಿತು.

ಕಚೇರಿಯಲ್ಲಿ ಮಾತ್ರ ಸೂತಕದ ಕಳೆ. ಬೆಳಿಗ್ಗೆ ಊತವಿಲ್ಲ, ಆದ್ದರಿಂದ ಸಂಜೆ ಇಳಿಕೆಯೂ ಇಲ್ಲ. ಮಾತ್ರೆ ಸತ್ವ ಕಳೆದುಕೊಂಡಿದೆಯೆಂದು ತೀರ್ಮಾನವಾಯಿತು. ಮೊಣಕಾಲಿನ ಪ್ರಮಾಣಪತ್ರವನ್ನು ಹಿಂಪಡೆಯಬೇಕಾದೀತು ಎಂದು ನಿರ್ದೇಶಕರು ತಗ್ಗಿದ ದನಿಯಲ್ಲಿ ಹೇಳಿದರು.

ಹೆಡ್ ಗುಮಾಸ್ತರು ಮೊಣಕಾಲನ್ನೊಮ್ಮೆ ಸವರಿಕೊಂಡರು. ಪ್ರಮಾಣಪತ್ರವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

“ಲಿಫ್ಟ್ ಆಫ್ ಮಾಡ್ಸಿ ಸಾರ್,” ಎಂದರು. “ಮಾತ್ರೆಗೆ ಇನ್ನೊಂದು ಅವಕಾಶ ಕೊಡೋಣ.”

ಮಾತ್ರೆ ಮರುದಿನವೇ ಚೇತರಿಸಿಕೊಂಡಿತು. ಈಗ ಲಿಫ್ಟಿನ ಬಾಗಿಲಿಗೆ ‘ಮೊಣಕಾಲುಗಳ ಆರೋಗ್ಯದ ಹಿತದೃಷ್ಟಿಯಿಂದ ಲಿಫ್ಟ್ ಬಳಸತಕ್ಕದ್ದಲ್ಲ’ ಎಂಬ ಫಲಕವಿದೆ. ಬಂದವರೆಲ್ಲ ಅದನ್ನು ಓದಿ, ಅದೂ ಸರಿಯೇ ಎಂದು ತಲೆಯಾಡಿಸಿ, ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಾರೆ.